ಆರನೇ ಪಂಪು

ಊರಿಗೆ ನೀರು ತಳ್ಳುವ ಆ ಪಂಪ್‌ಹೌಸಿನಲ್ಲಿ ಐದು ಪಂಪುಗಳಿವೆ, ಅವನ್ನು ಕೇಳುವುದಕ್ಕೆ ಒಂದೇ ಒಂದು ಕಿವಿ ಇದೆ. ಹಾಗಂತ ಅಲ್ಲಿ ಜನಕ್ಕೇನೂ ಬರವಿಲ್ಲ. ಹನ್ನೊಂದು ಮಂದಿ ಕೆಲಸಗಾರರು, ದೇವರು ಎಲ್ಲರಿಗೂ ಎರಡೆರಡು ಕಿವಿ ಕೊಟ್ಟಿದ್ದಾನೆ. ಆದರೆ ಅವೆಲ್ಲ ಊಟದ ಹೊತ್ತಾಯಿತು ಅಂದರೆ ನೆಟ್ಟಗಾಗುವ, ಸಾಹೇಬರು ಕೂಗಿದರೆ ಮುಚ್ಚಿಕೊಳ್ಳುವ ಕಿವಿಗಳು. ಪಂಪಿಗೆ ಆಗುವ ಕಿವಿ ಒಬ್ಬಳದೇ. ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿದೆ, ಹೊಸ ಸಾಹೇಬರು ಬಂದ ಮೊದಲ ದಿನ ಅದನ್ನು ಓದುತ್ತಾರೆ, ಎರಡನೇ ದಿನದಿಂದ ಅವರೂ ಎಲ್ಲರಂತೆ "ಕಿವಿಯಕ್ಕ" ಅನ್ನುತ್ತಾರೆ.

ಇಪ್ಪತ್ತಾರು ವರ್ಷದಿಂದ ಕಿವಿಯಕ್ಕ ಅಲ್ಲಿ ಮೆಕ್ಯಾನಿಕ್. ಸೇರಿದ ದಿನ "ಹೆಂಗಸು ಪಂಪ್ ಬಿಚ್ಚುತ್ತಾಳಂತೆ!" ಎಂದು ಮೂಗು ಮುರಿದವರು ಮೂವರು. ಇಬ್ಬರು ನಿವೃತ್ತರಾದರು, ಮೂರನೆಯವನು ಈಗ ಅವಳು ತೋರಿಸಿದ ಕಡೆ ಗ್ರೀಸು ತುಂಬುತ್ತಾನೆ. ಅವಳ ಆಯುಧ ಅಂದರೆ ಮೊಳದುದ್ದದ ಒಂದು ಸ್ಕ್ರೂಡ್ರೈವರು, ಮರದ ಹಿಡಿಯದು. ಅದರಲ್ಲಿ ಅವಳು ಸ್ಕ್ರೂ ತಿರುಗಿಸಿದ್ದನ್ನು ನೋಡಿದವರಿಲ್ಲ. ಓಡುತ್ತಿರುವ ಪಂಪಿನ ಮೈಮೇಲೆ, ಬೇರಿಂಗ್ ಕೂತ ಜಾಗಕ್ಕೆ ತುದಿಯನ್ನು ಊರಿ, ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಒಳಗಿನ ಉಕ್ಕಿನ ಗುಂಡುಗಳು ಉರುಳುವ ಸದ್ದು ಕಬ್ಬಿಣ ಹಿಡಿದು ಏರಿ ಬಂದು ಅವಳ ತಲೆಯೊಳಗೇ ಕೇಳುತ್ತದೆ. ಯಾವ ಗುಂಡು ಸವೆದಿದೆ, ಎಲ್ಲಿ ಎಣ್ಣೆ ಒಣಗಿದೆ, ಇನ್ನೆಷ್ಟು ದಿನ ತಡೆಯುತ್ತದೆ, ಎಲ್ಲ ಹೇಳುತ್ತಾಳೆ. ಇಷ್ಟು ವರ್ಷ ಒತ್ತಿದ್ದಕ್ಕೆ ಆ ಹಿಡಿಯ ಒಂದು ಪಕ್ಕ ಅವಳ ಮೂಳೆಯ ಆಕಾರಕ್ಕೇ ತಗ್ಗಾಗಿದೆ.

ಒಂದು ಸಲ ಪಂಪ್ ಕಂಪನಿಯವರು ಸೂಟ್‌ಕೇಸಿನಂಥ ಯಂತ್ರ ಹೊತ್ತು ಬಂದು, ಮೂರನೇ ಪಂಪಿಗೆ ತಂತಿ ಅಂಟಿಸಿ, "ಎಲ್ಲಾ ಚೆನ್ನಾಗಿದೆ" ಅಂದರು. ಕಿವಿಯಕ್ಕ ಸ್ಕ್ರೂಡ್ರೈವರ್ ಊರಿ, "ಮೋಟರ್ ಕಡೆಯ ಬೇರಿಂಗು, ಒಂದು ಗುಂಡು ಒಡೆದಿದೆ, ಬಿಚ್ಚಿ" ಅಂದಳು. ಅವರಲ್ಲಿ ಟೈ ಕಟ್ಟಿದವನೊಬ್ಬ ನಕ್ಕ. ಬಿಚ್ಚಿದರು. ಒಡೆದ ಗುಂಡು ಟೈ ಕಟ್ಟಿದವನ ಅಂಗೈಗೇ ಉದುರಿತು. ಅವನು ಆ ಸ್ಕ್ರೂಡ್ರೈವರನ್ನು ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿದ, ಇದರೊಳಗೇನಾದರೂ ಇದೆಯಾ ಅನ್ನುವ ಹಾಗೆ. ಅಲ್ಲೆಲ್ಲಿರುತ್ತೆ ಹೇಳಿ, ಇರುವುದೆಲ್ಲ ಹಿಡಿಯ ಈಚೆಗೆ!

ಪಂಪ್‌ಹೌಸಿನ ಲಾಗ್‌ಬುಕ್ಕಿನಲ್ಲಿ ಗಂಟೆಗೊಂದು ಸಾಲು ಬರೆಯಬೇಕು. ಒತ್ತಡ ಎಷ್ಟು, ನೀರು ಎಷ್ಟು, ಕಡೆಯ ಮನೆಯಲ್ಲಿ "ಸದ್ದು". ಆ ಕಡೆಯ ಮನೆ ಕಿವಿಯಕ್ಕನದು. ಅವಳ ಪಾಳಿಯಲ್ಲಿ ಅದು ಒಂದು ದಿನವೂ ಖಾಲಿ ಬಿದ್ದಿಲ್ಲ. ಹೊಸಬರಿಗೆಲ್ಲ ಅವಳು ಕಲಿಸುತ್ತಿದ್ದದ್ದು ಒಂದೇ ಮಾತು: "ಮೆಷೀನ್ ಸುಮ್‌ಸುಮ್ನೆ ಸದ್ದು ಮಾಡಲ್ಲ. ಸದ್ದು ಬಂತು ಅಂದ್ರೆ ಒಳಗೆ ಏನೋ ಸವೀತಿದೆ. ಲೋಡ್ ಇಳಿಸು, ವಿಶ್ರಾಂತಿ ಕೊಡು, ಬಿಚ್ಚಿ ನೋಡು."

ಇಂಥ ಹೆಂಗಸಿಗೆ ಐವತ್ತೊಂದನೇ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ತನ್ನದೇ ಎದೆಯ ಸದ್ದು ಕೇಳಿಸಿಬಿಟ್ಟಿತು.

ಊಟ ಮುಗಿಸಿ, ಮೂರು ಗಂಟೆಯ ಸಾಲು ಬರೆಯಲು ಸ್ಟೂಲಿನ ಮೇಲೆ ಕೂತಿದ್ದಳು. ಎದೆಯಲ್ಲಿ ಏನೋ ಅವಸರದಲ್ಲಿ ಎಡವಿದ ಹಾಗಾಯಿತು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತು ಅರೆಕ್ಷಣವಿದ್ದಿರಬೇಕು, ಅವಳಿಗೆ ಅದು ಕರೆಂಟು ಹೋದಾಗಿನ ಪಂಪ್‌ಹೌಸಿನಷ್ಟು ದೊಡ್ಡದಾಗಿ ಕಂಡಿತು. ಆಮೇಲೆ ದಡ್ ಎಂದು ಒಂದು ಬಡಿತ, ಒಳಗಿನಿಂದ ಯಾರೋ ಗುದ್ದಿದ ಹಾಗೆ. ಕೈಕಾಲು ತಣ್ಣಗಾದವು. ಬೇರೆ ಯಾರಾದರೂ ಆಗಿದ್ದರೆ ತೇಗು ಬಂತು ಅಂದುಕೊಂಡು ಎದ್ದು ಹೋಗುತ್ತಿದ್ದರು. ಇವಳ ಕಿವಿ ಬಿಡಬೇಕಲ್ಲ! ಹಿಡಿಯಿತು. ನಾಲ್ಕು ಗಂಟೆಯೊಳಗೆ ಇನ್ನೂ ಆರು ಸಲ ಹಿಡಿಯಿತು.

ಮೊದಲು ಒಬ್ಬ ಡಾಕ್ಟರು, ಆಮೇಲೆ ಇನ್ನೊಬ್ಬರು, ಕೊನೆಗೆ ಹೃದಯದ ಡಾಕ್ಟರಮ್ಮ. ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು. ಇಸಿಜಿ ತೆಗೆದರು, ಸ್ಕ್ಯಾನ್ ಮಾಡಿ ಹೃದಯದ ಗೋಡೆ, ಕವಾಟ ಎಲ್ಲ ನೋಡಿದರು, ರಕ್ತ ನೋಡಿದರು.

"ಅಮ್ಮಾ, ನಿಮ್ಮ ಹೃದಯ ಗಟ್ಟಿಯಾಗಿದೆ," ಅಂದರು. "ಆಗೊಮ್ಮೆ ಈಗೊಮ್ಮೆ ಒಂದು ಬಡಿತ ಅವಸರಪಟ್ಟು ಮುಂಚೆ ಬಂದುಬಿಡುತ್ತೆ. ಆಮೇಲೆ ಒಂದು ಚೂರು ಗ್ಯಾಪು, ಅದು ನಿಮಗೆ ನಿಂತಹಾಗೆ ಅನ್ಸುತ್ತೆ. ಮುಂದಿನದು ಜೋರಾಗಿ ಬರುತ್ತೆ, ಅದೇ ನಿಮ್ಮ ದಡ್. ಎಷ್ಟೋ ಜನಕ್ಕೆ ಇರುತ್ತೆ, ಗೊತ್ತೇ ಆಗಲ್ಲ. ಇದರಿಂದ ನಿಮಗೆ ತೊಂದರೆ ಇಲ್ಲ."

"ತೊಂದರೆ ಇಲ್ಲ ಅಂದ್ರೆ ಸದ್ದು ಯಾಕೆ ಡಾಕ್ಟ್ರೇ?"

"ಸುಮ್ನೆ."

ಆ ಒಂದು ಪದ ಆಡಬಾರದಿತ್ತು ಆ ಡಾಕ್ಟರಮ್ಮ. ಇಪ್ಪತ್ತಾರು ವರ್ಷ "ಮೆಷೀನ್ ಸುಮ್‌ಸುಮ್ನೆ ಸದ್ದು ಮಾಡಲ್ಲ" ಎಂದು ಊರಿಗೆಲ್ಲ ಪಾಠ ಹೇಳಿದವಳು "ಸುಮ್ನೆ" ಅನ್ನುವುದನ್ನು ನಂಬುತ್ತಾಳೆಯೇ? ಈ ಹುಡುಗಿಗೆ ಕೇಳಿಸಿಲ್ಲ, ಅಷ್ಟೇ, ಅಂದುಕೊಂಡಳು. ಕಂಪನಿಯ ಟೈ ಕಟ್ಟಿದವನಿಗೆ ಕೇಳಿಸಿರಲಿಲ್ಲವಲ್ಲ, ಹಾಗೆ.

ಸರಿ, ತನಗೆ ಗೊತ್ತಿದ್ದ ರಿಪೇರಿಯನ್ನೇ ಶುರು ಮಾಡಿದಳು. ಲೋಡ್ ಇಳಿಸು, ವಿಶ್ರಾಂತಿ ಕೊಡು. ಚಹಾ ಬಿಟ್ಟಳು. ಪಂಪುಗಳಿರುವ ಕೆಳಗಿನ ಹಾಲ್‌ಗೆ ನಲವತ್ತಾರು ಮೆಟ್ಟಿಲು, ದಿನಕ್ಕೆ ಹತ್ತು ಸಲ ಇಳಿದು ಹತ್ತುತ್ತಿದ್ದವಳು ಎರಡು ಸಲಕ್ಕೆ ನಿಲ್ಲಿಸಿದಳು. ವಾಲ್ವ್ ಚಕ್ರ ಮುಟ್ಟುವುದು ಬಿಟ್ಟಳು. ಮನೆಯಲ್ಲಿ ಒಂದು ಕೊಡ ನೀರೆತ್ತಲಿಲ್ಲ, ಎಡಗಡೆ ಮಗ್ಗುಲಾಗಲಿಲ್ಲ, ಜೋರಾಗಿ ನಗಲೂ ಇಲ್ಲ. ಎರಡು ಬೆರಳು ಸದಾ ಕತ್ತಿನ ನಾಡಿಯ ಮೇಲೆ. ಆದರೆ ವಿಚಿತ್ರ ನೋಡಿ, ವಿಶ್ರಾಂತಿ ಹೆಚ್ಚಿದಷ್ಟೂ ಆ ದಡ್ ಹೆಚ್ಚಿತು. ಹೆಚ್ಚಿತು ಅಂತ ಅವಳು ವಿಶ್ರಾಂತಿ ಇನ್ನಷ್ಟು ಹೆಚ್ಚಿಸಿದಳು.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಭಾನುವಾರ ಕತ್ತಿಗೆ ಟೇಪು ನೇತುಹಾಕಿಕೊಂಡು ನೀರು ಕುಡಿಯಲು ಅಡುಗೆಮನೆಗೆ ಬಂದರೆ, ಹೆಂಡತಿ ಎಣ್ಣೆ ಸುರಿಯುವ ಲಾಳಿಕೆಗೆ ಒಂದು ಗಜ ಪ್ಲಾಸ್ಟಿಕ್ ಪೈಪು ಸಿಕ್ಕಿಸಿ, ಲಾಳಿಕೆ ಎದೆಗೆ, ಪೈಪು ಕಿವಿಗೆ ಇಟ್ಟುಕೊಂಡು ಗೋಡೆಗೊರಗಿ ಕೂತಿದ್ದಾಳೆ. ಸ್ಕ್ರೂಡ್ರೈವರನ್ನು ತನ್ನ ಎದೆಯಿಂದ ತನ್ನ ಕಿವಿಗೆ ಬಗ್ಗಿಸಲಾಗುವುದಿಲ್ಲವಲ್ಲ, ಅದಕ್ಕೆ ಈ ಏರ್ಪಾಡು.

"ಏನೇ ಇದು, ಪೆಟ್ರೋಲ್ ಹಾಕ್ಕೋತಿದೀಯಾ?"

"ಷ್! ಸುಮ್ನಿರಿ, ಎಣಿಸ್ತಿದೀನಿ."

ಅವನು ಎದುರಿಗೇ ಕುಕ್ಕರುಗಾಲಲ್ಲಿ ಕೂತ. "ಅಲ್ಲ ಮಾರಾಯ್ತಿ, ಆಫೀಸಲ್ಲಿ ಐದು ಪಂಪ್ ಸಾಲದು ಅಂತ ಆರನೇದನ್ನ ಮನೆಗೂ ತಂದ್ಯಾ?"

ಆವತ್ತಿನಿಂದ ಅದಕ್ಕೆ ಅದೇ ಹೆಸರಾಯಿತು. ದಿನಾ ಸಂಜೆ ಬಾಗಿಲಲ್ಲೇ ಕೇಳುತ್ತಿದ್ದ, "ಆರನೇ ಪಂಪ್ ಹೇಗಿದೆ ಇವತ್ತು?" ನಗಿಸಲೆಂದು ಕೇಳುತ್ತಿದ್ದ, ಆದರೆ ಉತ್ತರ ಬರುವವರೆಗೂ ಅವನ ಕಾಲು ಹೊಲಿಗೆ ಮೆಷೀನನ್ನು ತುಳಿಯುತ್ತಿರಲಿಲ್ಲ. ಅವನಿಗೂ ಭಯವೇ. ಹೇಳಿಕೊಂಡರೆ ಇವಳು ಇನ್ನೂ ಕುಗ್ಗುತ್ತಾಳೆ ಅಂತ ನುಂಗಿಕೊಂಡಿದ್ದ.

ಮನೆಯಲ್ಲಿ ಯಾವುದಕ್ಕೂ ಸೊಪ್ಪು ಹಾಕದವರು ಅಂದರೆ ಅತ್ತೆ. ಎಂಬತ್ತೆರಡು ವರ್ಷ. "ನನ್ನದೂ ಎಗರುತ್ತೆ ಕಣೇ, ನಿನ್ನ ಗಂಡ ಹುಟ್ಟಿದಾಗಿಂದ ಎಗರುತ್ತೆ," ಅಂದರು ಒಂದು ದಿನ. "ಎಗರಿದ್ರೆ ಎಗರಲಿ ಬಿಡು. ಹುಟ್ಟಿದಾಗಿಂದ ಒಂದೇ ತಾಳ ಹೊಡೆದು ಹೊಡೆದು ಅದಕ್ಕೂ ಬೇಜಾರಾಗಲ್ವಾ?"

"ನಿಮಗೆ ಹೆದರಿಕೆ ಆಗಲ್ವಾ ಅತ್ತೆ?"

"ಅದರ ಕಡೆ ನೋಡ್ತಾ ಕೂರಕ್ಕೆ ನನಗೆ ಪುರಸೊತ್ತೆಲ್ಲಿತ್ತು?"

ಸೊಸೆಗೆ ಸಿಟ್ಟೇ ಬಂತು. ಕೇಳಿಸದವರಿಗೆ ಧೈರ್ಯಕ್ಕೇನು ಕಮ್ಮಿ, ಅಂದುಕೊಂಡಳು.

ಹೀಗೆ ಮೂರು ತಿಂಗಳು. ಒಂದು ಬುಧವಾರ ಬೆಳಿಗ್ಗೆ ನಾಲ್ಕನೇ ಪಂಪು ಕಿರ್ರೆಂದು ಚೀರಿ ಬಿಗಿಹಿಡಿದು ನಿಂತುಬಿಟ್ಟಿತು. ಬಿಚ್ಚಿ ನೋಡಿದರೆ ಬೇರಿಂಗು ಪುಡಿಪುಡಿ. ಇದು ಒಂದು ದಿನದ್ದಲ್ಲ, ಕಡಿಮೆ ಅಂದರೂ ಒಂದು ವಾರದಿಂದ ಕೂಗಿಕೊಂಡಿದೆ. ಪ್ಯಾನೆಲ್ ಬೋರ್ಡಿನ ಗುಂಡಿಗಳನ್ನು ಒತ್ತುವ ಆಪರೇಟರ್ ಒಬ್ಬನಿದ್ದ, ಎಲ್ಲದರಲ್ಲೂ ಆತುರ ಅಂತ ಅವನಿಗೆ "ಗಡಿಬಿಡಿ" ಎಂದೇ ಹೆಸರು. ಅವನು ಲಾಗ್‌ಬುಕ್ ತೆರೆದು, "ಅಕ್ಕಾ, ನಿನ್ನೆನೂ ನೀವೇ ಕೇಳಿ 'ಸರಿ' ಅಂತ ಬರೆದಿದೀರಲ್ಲ?" ಅಂದ. ಕುಹಕ ಅಲ್ಲ ಪಾಪ, ನಿಜವಾಗಿಯೂ ಆಶ್ಚರ್ಯ ಅವನಿಗೆ.

ಅವಳ ಮುಖ ಸಣ್ಣಗಾಯಿತು. ಸ್ಕ್ರೂಡ್ರೈವರ್ ಊರಿದ್ದು ನಿಜ, ಹಿಡಿ ಮೂಳೆಗೆ ಒತ್ತಿದ್ದು ನಿಜ. ಆದರೆ ಕಿವಿ ಪಂಪಿನ ಕಡೆ ಇರಲಿಲ್ಲ, ಎದೆಯ ಕಡೆ ತಿರುಗಿತ್ತು. ಐದರಲ್ಲಿ ಓಡದೆ ಬಿಡುವಾಗಿದ್ದ ಇನ್ನೊಂದು ಪಂಪ್ ಹಾಕಿ ಊರಿಗೆ ನೀರು ನಿಲ್ಲದ ಹಾಗೆ ನೋಡಿಕೊಂಡರು, ಯಾರೂ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನದಿದ್ದದ್ದೇ ಅವಳಿಗೆ ತಡೆಯಲಾಗಲಿಲ್ಲ.

ಮಧ್ಯಾಹ್ನ ಇಂಜಿನಿಯರ್ ಸಾಹೇಬರ ಮೇಜಿನ ಮೇಲೆ ಒಂದು ಅರ್ಜಿ ಇಟ್ಟಳು. ಮೇಲಿನ ಮಹಡಿಯಲ್ಲಿ ನೀರಿನ ದೂರು ಬರೆದುಕೊಳ್ಳುವ ಮೇಜು ಖಾಲಿ ಇದೆ, ತನ್ನನ್ನು ಅಲ್ಲಿಗೆ ಹಾಕಬೇಕು, ಕಾರಣ ಆರೋಗ್ಯ. ಅರ್ಜಿಯ ಮೇಲೆ ಸ್ಕ್ರೂಡ್ರೈವರನ್ನೂ ಇಟ್ಟಳು.

"ಇದ್ಯಾಕೆ?" ಅಂದರು ಸಾಹೇಬರು.

"ಮುಂದೆ ಬರೋವರಿಗೆ ಬೇಕಾಗುತ್ತೆ ಸಾರ್."

ಸಾಹೇಬರು ಅದನ್ನು ಎತ್ತಿ, ತಗ್ಗಾದ ಹಿಡಿಯನ್ನು ಹೆಬ್ಬೆರಳಲ್ಲಿ ಸವರಿ, ಎರಡನ್ನೂ ಡ್ರಾಯರಿಗೆ ಹಾಕಿದರು. "ಸೋಮವಾರ ಮಧ್ಯಾಹ್ನ ದೊಡ್ಡ ಆಫೀಸಿಗೆ ಕಳಿಸ್ತೀನಿ. ಅಲ್ಲಿವರೆಗೂ ಯೋಚನೆ ಮಾಡಿ. ಹೋದ ಮೇಲೆ ವಾಪಸ್ ತರೋದು ನನ್ನ ಕೈಲಿಲ್ಲ."

ಅದೇ ವಾರ ಡಾಕ್ಟರಮ್ಮ ಇನ್ನೊಂದು ಪರೀಕ್ಷೆ ಮಾಡೋಣ ಅಂದಿದ್ದರು. ಶುಕ್ರವಾರ ಬೆಳಿಗ್ಗೆ ಎದೆಗೆ ಐದು ತಂತಿ ಅಂಟಿಸಿ, ಸೊಂಟಕ್ಕೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ ಕಟ್ಟಿದರು. ಇಪ್ಪತ್ನಾಲ್ಕು ಗಂಟೆ ಒಂದೊಂದು ಬಡಿತವನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಜೊತೆಗೆ ಒಂದು ಹಾಳೆ: ಎದೆಯಲ್ಲಿ ಏನಾದರೂ ಅನಿಸಿದರೆ ಗಂಟೆ ನೋಡಿ ಇವಳು ಬರೆಯಬೇಕು. "ದಿನಾ ಹೇಗಿರ್ತೀರೋ ಹಾಗೇ ಇರಿ," ಅಂದರು. ಲಾಗ್‌ಬುಕ್ಕಿನವಳಿಗೆ ಲಾಗ್‌ಬುಕ್ ಕೊಟ್ಟ ಹಾಗಾಯಿತು. ಹನ್ನೊಂದು ಗಂಟೆಯೊಳಗೆ ಹದಿನಾಲ್ಕು ಸಾಲು ತುಂಬಿಸಿದಳು.

ಆಗ ಅವಳು ಪಂಪ್‌ಹೌಸಿನ ಮೇಲಿನ ಮಹಡಿಯಲ್ಲಿ, ದೂರಿನ ಮೇಜಿನ ಕುರ್ಚಿಯಲ್ಲಿ ಹೇಗಿರುತ್ತೆ ಎಂದು ಕೂತು ನೋಡುತ್ತಿದ್ದಳು. ಕುರ್ಚಿಗೆ ಮೆತ್ತೆ ಇತ್ತು. ಹನ್ನೊಂದು ಹತ್ತಕ್ಕೆ ಕರೆಂಟು ಹೋಯಿತು. ಓಡುತ್ತಿದ್ದ ಮೂರು ಪಂಪುಗಳೂ ಸದ್ದು ಇಳಿಸುತ್ತ ಬಂದು, ಕಟ್ಟಡಕ್ಕೆ ಕಟ್ಟಡವೇ ಗಪ್‌ಚಿಪ್ಪಾಯಿತು. ಎರಡು ಮೂರು ನಿಮಿಷಕ್ಕೆ ಕರೆಂಟು ಬರುತ್ತದೆ, ಇದು ಹೊಸದೇನಲ್ಲ. ಪಕ್ಕದ ಮೇಜಿನ ಗುಮಾಸ್ತ ಆಕಳಿಸಿದ.

ಅವಳು ಎದ್ದು ನಿಂತಳು. ಕೆಳಗೆ ಒಂದು ಪಂಪು ನಿಂತಿಲ್ಲ. ಮೊದಲು ಇಳಿದ ಸದ್ದು ಮತ್ತೆ ಏರುತ್ತಿದೆ, ಗುಂಯ್ ಎಂದು, ಸಣ್ಣಗೆ. ಕರೆಂಟಿಲ್ಲದೆ ಏರುತ್ತಿದೆ.

ಅದು ಏನೆಂದು ಹೇಳಿಬಿಡುತ್ತೇನೆ. ಪಂಪು ನಿಂತಾಗ ಗುಡ್ಡದ ಮೇಲಿನ ತೊಟ್ಟಿಗೆ ತಳ್ಳಿದ ನೀರು ಹಿಂದಕ್ಕೆ ಬರದ ಹಾಗೆ ಪೈಪಿನೊಳಗೆ ಒಂದು ಕಬ್ಬಿಣದ ಬಾಗಿಲಿರುತ್ತದೆ, ತಾನಾಗಿ ಮುಚ್ಚಿಕೊಳ್ಳುತ್ತದೆ. ಆವತ್ತು ಎರಡನೇ ಪಂಪಿನ ಬಾಗಿಲು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತ್ತು. ಗುಡ್ಡದ ನೀರೆಲ್ಲ ವಾಪಸ್ ನುಗ್ಗಿ ಪಂಪನ್ನು ಉಲ್ಟಾ ತಿರುಗಿಸುತ್ತಿತ್ತು. ಅಂಥ ಹೊತ್ತಲ್ಲಿ ಕರೆಂಟು ಬಂದು ಯಾರಾದರೂ ಸ್ಟಾರ್ಟ್ ಒತ್ತಿದರೆ ಮೋಟರು ಒಂದು ಕಡೆ ಎಳೆಯುತ್ತದೆ, ನೀರು ಇನ್ನೊಂದು ಕಡೆ. ನಡುವಿನ ಶಾಫ್ಟು ಮುರಿದು ತುಂಡು ಎಲ್ಲಿಗೆ ಹಾರುತ್ತದೋ ಯಾರಿಗೂ ಗೊತ್ತಿಲ್ಲ. ಕೆಳಗೆ ಆರು ಜನ ಇದ್ದರು. ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕರೆಂಟಿಗೆ ಕಾಯುತ್ತಿದ್ದವನು ಗಡಿಬಿಡಿ.

ಹೇಗೆ ಓಡಿದಳೋ! ಮೂರು ತಿಂಗಳು ಗಾಜಿನ ಗೊಂಬೆಯನ್ನು ಹೊತ್ತುಕೊಂಡಂತೆ ತನ್ನ ಮೈಯನ್ನು ಹೊತ್ತುಕೊಂಡು ಓಡಾಡಿದವಳು ನಲವತ್ತಾರು ಮೆಟ್ಟಿಲನ್ನು ಎರಡೆರಡಾಗಿ ಇಳಿದಳು. ಅರ್ಧ ದಾರಿಯಲ್ಲಿ ದೀಪ ಬೆಳಗಿತು. "ಒತ್ತಬೇಡ! ಎರಡು ಒತ್ತಬೇಡ!" ಎಂದು ಅವಳು ಕೂಗಿದ ಕೂಗಿಗೆ ಗಡಿಬಿಡಿ ಕಾದ ಕಾವಲಿ ಮುಟ್ಟಿದವನಂತೆ ಕೈ ಹಿಂದೆ ತೆಗೆದುಕೊಂಡ. ಜೀವಮಾನದಲ್ಲಿ ಅವನು ಒಂದು ಕೆಲಸಕ್ಕೆ ತಡಮಾಡಿದ್ದು ಅದೊಂದೇ ಸಲ.

ನೇರ ಎರಡನೇ ಪಂಪಿನ ವಾಲ್ವ್‌ಗೆ ಹೋಗಿ ಚಕ್ರಕ್ಕೆ ಕೈ ಹಾಕಿದಳು. ಗಾಡಿಚಕ್ರದಷ್ಟು ದೊಡ್ಡದು, ಪೂರ್ತಿ ಮುಚ್ಚಲು ತೊಂಬತ್ತು ಸುತ್ತು. ಒಂದೊಂದು ಸುತ್ತಿಗೂ ನೀರು ಎದುರು ನಿಂತಿತ್ತು. ಕಾಲು ಗೋಡೆಗೆ ಊರಿ, ಹಲ್ಲು ಕಚ್ಚಿ ತಿರುಗಿಸಿದಳು. ಐವತ್ತನೇ ಸುತ್ತಿಗೆ ಗ್ರೀಸಿನವನು ಬಂದು ಎದುರುಗಡೆಯಿಂದ ಕೈ ಹಾಕಿದ. ತೊಂಬತ್ತಕ್ಕೆ ಆ ಗುಂಯ್ ಸದ್ದು ತಗ್ಗಿ, ತಡವರಿಸಿ, ನಿಂತಿತು. ಉಳಿದೆರಡು ಪಂಪುಗಳನ್ನು ಅವಳೇ ಹೇಳಿ ಒಂದಾದ ಮೇಲೊಂದು ಚಾಲೂ ಮಾಡಿಸಿದಳು, ಐದನೆಯದನ್ನೂ ಸೇರಿಸಿದಳು. ಕೇಳಬೇಕು ಎಂದು ಕೈ ಚಾಚಿದರೆ ಸ್ಕ್ರೂಡ್ರೈವರ್ ಇಲ್ಲ. ಅಷ್ಟರಲ್ಲಿ ಇಂಜಿನಿಯರ್ ಸಾಹೇಬರು ಮೆಟ್ಟಿಲಿಳಿದು ಬಂದರು, ಏದುಸಿರು ಬಿಡುತ್ತ, ಕೈಯಲ್ಲಿ ಅದೇ. ಅವಳ ಕೈಗಿತ್ತರು. ಮೂರನ್ನೂ ಕೇಳಿದಳು. "ಸರಿ. ಓಡಲಿ. ಎರಡನೇದರ ಬಾಗಿಲ ಪಿನ್ನು ಸವೆದಿದೆ, ಬಿಚ್ಚಬೇಕು."

ಊರಿನಲ್ಲಿ ಒಂದು ನಲ್ಲಿಯೂ ನಿಲ್ಲಲಿಲ್ಲ. ಕೆಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ಗಡಿಬಿಡಿಯಂತೂ ಅಳುವುದೊಂದು ಬಾಕಿ.

ಅವಳು ಸ್ಟೂಲಿನ ಮೇಲೆ ಕೂತಳು. ಬೆವರು ಒರೆಸಲು ಹೋದ ಕೈ ಸೊಂಟದ ಪೆಟ್ಟಿಗೆಗೆ ತಾಗಿತು. ಜೀವ ಬಾಯಿಗೆ ಬಂತು. ಅಯ್ಯೋ, ನಾನು ಓಡಿದೆನಲ್ಲ! ಆಗಲೇ ದಡ್, ಮತ್ತೊಂದು ದಡ್. ಆಗ ಗಂಟೆ ಹನ್ನೊಂದು ನಲವತ್ತು. ಹಾಳೆ ತೆಗೆದು ಬರೆಯಲು ನೋಡಿದರೆ ಹನ್ನೊಂದು ಹತ್ತರಿಂದ ಹನ್ನೊಂದು ನಲವತ್ತರವರೆಗೆ ಏನೂ ಇಲ್ಲ, ಬೆಳ್ಳಗೆ ಖಾಲಿ. ಆ ಅರ್ಧ ಗಂಟೆಯಲ್ಲಿ ಒಳಗೆ ಏನೇನು ಒಡೆಯಿತೋ, ಎಷ್ಟು ಸಲ ನಿಂತಿತೋ, ತಾನು ಕೇಳಿಸಿಕೊಳ್ಳಲೇ ಇಲ್ಲ. ನಾಲ್ಕನೇ ಪಂಪಿನ ಕಥೆಯೇ ಆಯಿತು ಅಂದುಕೊಂಡಳು. ಸ್ಕ್ರೂಡ್ರೈವರನ್ನು ಸಾಹೇಬರಿಗೆ ವಾಪಸ್ ಕೊಟ್ಟಳು.

"ಇದೇನಮ್ಮ, ಇಷ್ಟಾದ ಮೇಲೂ?"

"ಅರ್ಜಿ ಹಾಗೇ ಇರಲಿ ಸಾರ್," ಅಂದಳು.

ಸೋಮವಾರ ಬೆಳಿಗ್ಗೆ ಡಾಕ್ಟರಮ್ಮನ ಎದುರು ಗಂಡ ಹೆಂಡತಿ ಇಬ್ಬರೂ ಕೂತರು. ಗಂಡ ಅಂಗಡಿ ಮುಚ್ಚಿ ಬಂದಿದ್ದ. ಟೇಪು ಕತ್ತಿನಲ್ಲೇ ಇತ್ತು, ಅವಸರದಲ್ಲಿ ಮರೆತಿದ್ದ. ಡಾಕ್ಟರಮ್ಮ ಉದ್ದನೆಯ ಕಾಗದ ಬಿಡಿಸಿಕೊಂಡು ಪಕ್ಕದಲ್ಲಿ ಇವಳ ಹಾಳೆ ಇಟ್ಟುಕೊಂಡರು.

"ಇಷ್ಟು ನೀಟಾಗಿ ಬರೆದವರು ನನಗೆ ಸಿಕ್ಕಿಲ್ಲ," ಅಂದರು. "ನಲವತ್ತೊಂದು ಸಲ ಬರೆದಿದೀರಿ. ಇಪ್ಪತ್ತೊಂಬತ್ತು ಕಡೆ ನಿಜವಾಗಲೂ ಹೆಚ್ಚುವರಿ ಬಡಿತ ಇದೆ, ನಿಮ್ಮ ಕಿವಿಗೆ ಶರಣು. ಹನ್ನೆರಡು ಕಡೆ ಏನೂ ಇಲ್ಲ, ಅದು ಬರೀ ಹೆದರಿಕೆ. ಒಟ್ಟು ಎಂಟುನೂರ ಹದಿನಾರು ಬಂದಿವೆ. ಅಂದ್ರೆ ಉಳಿದ ಏಳುನೂರು ಚಿಲ್ಲರೆ ನಿಮಗೆ ಗೊತ್ತೇ ಆಗಿಲ್ಲ."

ಏಳುನೂರು! ಗಂಡ ಟೇಪಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದ.

"ಇಲ್ಲೊಂದು ಅರ್ಧ ಗಂಟೆ ಖಾಲಿ ಬಿಟ್ಟಿದೀರಿ. ಹನ್ನೊಂದು ಹತ್ತರಿಂದ. ಏನ್ ಮಾಡ್ತಿದ್ರಿ? ಹೃದಯ ನಿಮಿಷಕ್ಕೆ ನೂರೈವತ್ತೆರಡು ಹೊಡೆದಿದೆ."

"ತಪ್ಪಾಯ್ತು ಡಾಕ್ಟ್ರೇ," ಅಂದಳು, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ. "ಓಡಿದೆ. ವಾಲ್ವ್ ತಿರುಗಿಸಿದೆ. ಬರೆಯಕ್ಕಾಗಲಿಲ್ಲ. ಎಷ್ಟು ಬಂದಿವೆ ಅದರಲ್ಲಿ?"

"ಸೊನ್ನೆ."

"ಆಂ?"

"ಒಂದೂ ಇಲ್ಲ." ಡಾಕ್ಟರಮ್ಮ ಕಾಗದವನ್ನು ಅವಳ ಕಡೆ ತಿರುಗಿಸಿ ಬೆರಳು ಓಡಿಸಿದರು. ಗೀಟಿನ ಪಕ್ಕ ಗೀಟು, ಗೀಟಿನ ಪಕ್ಕ ಗೀಟು, ಅವಳ ಗಂಡನ ಹೊಲಿಗೆಯಷ್ಟು ಸಮ. "ಎಲ್ಲಾ ಬಂದಿರೋದು ನೀವು ಸುಮ್ನೆ ಕೂತಾಗ, ಮಲಗಿದಾಗ. ಕೆಲಸ ಬಿದ್ದಾಗ ಹೃದಯ ಅದಕ್ಕೆ ಜಾಗಾನೇ ಕೊಟ್ಟಿಲ್ಲ. ಸ್ಕ್ಯಾನ್ ಚೆನ್ನಾಗಿದೆ, ಇದೂ ಚೆನ್ನಾಗಿದೆ."

ಕಿವಿಯಕ್ಕ ಆ ಕಾಗದವನ್ನೇ ನೋಡಿದಳು. ಡಾಕ್ಟರಮ್ಮ ಏನೋ ಹೇಳುತ್ತಲೇ ಇದ್ದರು, ಇವಳು ಕೈ ಎತ್ತಿ ತಡೆದಳು. ಪಂಪ್‌ಹೌಸಿನಲ್ಲಿ ಎಲ್ಲರನ್ನೂ ಸುಮ್ಮನಾಗಿಸುವ ಕೈ ಅದು.

"ಒಂದ್ನಿಮಿಷ ಡಾಕ್ಟ್ರೇ. ಸವೆದ ಬೇರಿಂಗ್ ಇದೆಯಲ್ಲ, ಅದು ಖಾಲಿ ಓಡುವಾಗ ಸುಮ್ನಿದ್ದರೂ ಇರಬಹುದು, ಲೋಡ್ ಬಿದ್ದಾಗ ಕಿರುಚಲೇಬೇಕು. ನಾವು ಪರೀಕ್ಷೆ ಮಾಡೋದೇ ಹಾಗೆ, ಪೂರ್ತಿ ಲೋಡ್ ಹಾಕಿ ಕೇಳ್ತೀವಿ. ಇದಕ್ಕೆ ಪೂರ್ತಿ ಲೋಡ್ ಬಿದ್ದಾಗ ಸದ್ದೇ ಇಲ್ಲ."

"ಇಲ್ಲ."

"ಹಾಗಾದ್ರೆ ಒಳಗೆ ಏನೂ ಸವೆದಿಲ್ಲ."

"ನಾನು ಮೂರು ತಿಂಗಳಿಂದ ಅದನ್ನೇ ಹೇಳ್ತಿದೀನಲ್ಲಮ್ಮ!"

"ನೀವು ಹೇಳಿದ್ರಿ. ನನಗೆ ಈಗ ಕೇಳಿಸ್ತು," ಅಂದಳು. ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡಲೂ ಇಲ್ಲ. ತಾನು ವಿಶ್ರಾಂತಿ ಕೊಟ್ಟೂ ಕೊಟ್ಟೂ ಯಾವುದನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದಳೋ, ಅದು ತೊಂಬತ್ತು ಸುತ್ತು ಚಕ್ರವನ್ನು ತನ್ನ ಜೊತೆ ತಿರುಗಿಸಿತ್ತು. ಹುಟ್ಟಿದಾಗಿನಿಂದ ಒಂದು ದಿನ ರಜೆ ಹಾಕದೆ ಓಡಿದ ಮೆಷೀನು. ಅದರ ಮೇಲೆ ಅವಳಿಗೆ ಮೊದಲ ಸಲ ಹೆಮ್ಮೆ ಅನಿಸಿತು.

ಡಾಕ್ಟರಮ್ಮ ಎಚ್ಚರಿಕೆಯನ್ನೂ ಹೇಳಿದರು: ತಲೆ ಸುತ್ತಿ ಬಿದ್ದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದರೆ ತಕ್ಷಣ ಬರಬೇಕು, ಇಲ್ಲದಿದ್ದರೆ ವರ್ಷಕ್ಕೊಮ್ಮೆ ಸಾಕು. ಈ ಎಗರಾಟ ಹೋಗದೆಯೂ ಇರಬಹುದು. ಹೆದರಿಕೆ ಒಂದೇ ದಿನಕ್ಕೆ ಹೋಗುವುದಿಲ್ಲ, ಅದಕ್ಕೂ ಮಾತಾಡುವವರಿದ್ದಾರೆ, ಬೇಕಾದರೆ ಕಳಿಸುತ್ತೇನೆ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಆಮೇಲೆ, "ಆ ಹಾಳೆ ಕೊಡಿ ಇಲ್ಲಿ, ಪೆನ್ನೂ ಕೊಡಿ," ಅಂದಳು. "ನಾನು ಖಾಲಿ ಬಿಟ್ಟು ಅಭ್ಯಾಸ ಇಲ್ಲ."

ಹನ್ನೊಂದು ಹತ್ತರಿಂದ ಹನ್ನೊಂದು ನಲವತ್ತರ ಎದುರು ದುಂಡಗೆ ಬರೆದಳು: ಕೆಲಸದಲ್ಲಿದ್ದೆ.

ಆಸ್ಪತ್ರೆಯ ಬಾಗಿಲಲ್ಲಿ ಗಂಡ ಅವಳ ಕೈ ಹಿಡಿದುಕೊಂಡ. "ನಾನೂ ಬಹಳ ಹೆದರಿದ್ದೆ ಕಣೇ," ಅಂದ.

"ಗೊತ್ತು ರೀ. ಮೂರು ತಿಂಗಳಿಂದ ಪ್ಯಾಂಟಿನ ಕಾಲೆಲ್ಲ ಒಂದು ಉದ್ದ ಒಂದು ಗಿಡ್ಡ ಹೊಲಿದಿದೀರಿ."

ಅಲ್ಲಿಂದ ನೇರ ಪಂಪ್‌ಹೌಸಿಗೆ ಹೋದಳು. ಸಾಹೇಬರು ಗಡಿಯಾರ ನೋಡಿದರು, ಹನ್ನೆರಡಕ್ಕೆ ಹತ್ತು ನಿಮಿಷ. ಡ್ರಾಯರ್ ಎಳೆದು ಅರ್ಜಿಯನ್ನೂ ಸ್ಕ್ರೂಡ್ರೈವರನ್ನೂ ಮೇಜಿನ ಮೇಲಿಟ್ಟರು. "ಒಂದು ವಿಷಯ ಹೇಳ್ತೀನಿ, ನಗಬೇಡಿ. ಶನಿವಾರ ನಾನೂ ಕೆಳಗೆ ಹೋಗಿ ಇದನ್ನ ಕಿವಿಗೆ ಇಟ್ಕೊಂಡು ನೋಡಿದೆ. ಗಡಿಬಿಡಿನೂ ನೋಡಿದ. ಬರೀ ಗರ್ ಅಂತ ಕೇಳ್ತು, ಜೊತೆಗೆ ಕಿವಿಯೆಲ್ಲಾ ಗ್ರೀಸು."

ಅವಳು ನಕ್ಕಳು, ಮೂರು ತಿಂಗಳ ಮೇಲೆ, ಮಹಡಿಗೆಲ್ಲ ಕೇಳುವ ಹಾಗೆ. ಅರ್ಜಿಯನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿ ಮೆಟ್ಟಿಲಿಳಿದಳು.

ಮಧ್ಯಾಹ್ನ ಊಟ ಆಯಿತು, ಚಹಾ ಕುಡಿದಳು. ಮೂರು ಗಂಟೆಗೆ ಪಂಪುಗಳನ್ನೆಲ್ಲ ಕೇಳಿಬಂದು ಸ್ಟೂಲಿನ ಮೇಲೆ ಕೂತು ಪೆನ್ನು ತೆಗೆದಳು. ಎದೆಯಲ್ಲಿ ಎಡವಿತು. ಗ್ಯಾಪು. ದಡ್. ಹೆದರಿಕೆ ಆಗ ಆಗಲಿಲ್ಲ ಅಂದರೆ ನಾನು ಸುಳ್ಳು ಹೇಳಿದ ಹಾಗೆ. ಆಯಿತು, ಬೆನ್ನಿನ ತನಕ ತಣ್ಣಗಾಯಿತು, ಬೆರಳು ಕತ್ತಿನ ನಾಡಿಯ ಕಡೆ ಹೊರಟಿತು. ಆದರೆ ಬೆರಳಲ್ಲಿ ಪೆನ್ನಿತ್ತು, ಎದುರಿಗೆ ಖಾಲಿ ಮನೆ ಇತ್ತು. ಅವಳು ಬರೆದಳು.

ಮಾರನೇ ದಿನ ಸಹಿ ಹಾಕಲು ಲಾಗ್‌ಬುಕ್ ತೆರೆದ ಸಾಹೇಬರು ಆ ಸಾಲಿನ ಹತ್ತಿರ ನಿಂತರು. ಎರಡು ಸಲ ಓದಿದರು. ಗಡಿಬಿಡಿಯನ್ನು ಕರೆದು ತೋರಿಸಿದರು. ಅವನು ಬೆರಳು ಮಡಚಿ ಎಣಿಸಿ, "ನಮ್ಮಲ್ಲಿರೋದು ಐದೇ ಅಲ್ವಾ ಸಾರ್?" ಅಂದ.

ಮೂರು ಗಂಟೆ, ಕಡೆಯ ಮನೆ, ಕಿವಿಯಕ್ಕನ ದುಂಡು ಅಕ್ಷರ: ಎರಡು, ನಾಲ್ಕು ರಿಪೇರಿಯಲ್ಲಿ. ಒಂದು, ಮೂರು, ಐದು ಸರಿ. ಆರನೆಯದು ಸದ್ದು ಮಾಡುತ್ತದೆ. ಸರಿಯಾಗಿದೆ.